ಜಿಮ್ನಿಗೆ ಹೊಸ ಟೈರ್: ಕಂಪನಿ ಸೈಜೇ ಸಾಕಾ, ದೊಡ್ಡದು ಹಾಕಿಸಬೇಕಾ?

ಜೆಪಿನಗರ_ಜಿಮ್ನಿ
ಎಲ್ಲರಿಗೂ ನಮಸ್ಕಾರ. 2023ರ ಕೊನೆಗೆ ತಗೊಂಡ ಮಾರುತಿ ಜಿಮ್ನಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಾಕಬಹುದಾದ ಸಣ್ಣ ಗಾಡಿ, ಮ್ಯಾನುವಲ್ ಗೇರ್. ನಲವತ್ತು ಸಾವಿರ ಕಿಲೋಮೀಟರ್ ದಾಟಿದೆ. ಗಾಡಿ ಜೊತೆ ಬಂದ ಬ್ರಿಡ್ಜ್‌ಸ್ಟೋನ್ ಡ್ಯೂಲರ್ ಎಚ್‌ಟಿ ಟೈರ್‌ಗಳೇ ಇನ್ನೂ ಇವೆ, ಅಂದರೆ ಡಾಂಬರು ರಸ್ತೆಗೆ ಮಾಡಿದವು. ಸೈಜು 195/80 ಆರ್15. ಹಿಂದಿನ ಎರಡು ಚೆನ್ನಾಗಿ ಸವೆದಿವೆ. ಮುಂದಿನವು ಇನ್ನೊಂದು ಮಳೆಗಾಲ ತಳ್ಳುತ್ತವೆ ಅಂತ ಅಂಗಡಿಯವನು ಹೇಳಿದ.

ವಾರವೆಲ್ಲ ಜೆಪಿ ನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ತಿಂಗಳಿಗೆ ಒಂದೋ ಎರಡೋ ಸಲ ಸಕಲೇಶಪುರದ ಹತ್ತಿರ ಮಾವನವರ ತೋಟಕ್ಕೆ ಹೋಗುತ್ತೇವೆ. ಡಾಂಬರು ಮುಗಿದ ಮೇಲೆ ಸ್ವಲ್ಪ ದೂರ ಮಣ್ಣು ರಸ್ತೆ, ಅದರಲ್ಲಿ ಒಂದು ಏರು. ಮಳೆಗಾಲದಲ್ಲಿ ಆ ಏರು ಬರೀ ಕೆಸರು. ಕಳೆದ ಜುಲೈನಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಗೇರ್) ಹಾಕಿದರೂ ಗಾಡಿ ಮೇಲೆ ಹೋಗಲಿಲ್ಲ. ನಾಲ್ಕೂ ಚಕ್ರ ತಿರುಗುತ್ತಿವೆ, ಗಾಡಿ ಮಾತ್ರ ಪಕ್ಕಕ್ಕೆ ಜಾರುತ್ತಿದೆ. ಕೊನೆಗೆ ಮಾವನವರ ಹಳೇ ಜೀಪು ಬಂದು ಎಳೆಯಿತು. ಮಾವ ಏನೂ ಅನ್ನಲಿಲ್ಲ. ಭಾವಮೈದ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಈಗ ಪ್ರಶ್ನೆ ಏನಂದ್ರೆ, ಹಿಂದಿನ ಎರಡನ್ನು ಮಾತ್ರ ಬದಲಾಯಿಸಿದರೆ ನಡೆಯುತ್ತಾ? ಅದೇ ಎಚ್‌ಟಿ ತಗೊಳ್ಳಲಾ, ಡಾಂಬರಿಗೂ ಮಣ್ಣಿಗೂ ಆಗುವ ಏಟಿ ತಗೊಳ್ಳಲಾ? 215/75 ಅನ್ನೋ ದೊಡ್ಡ ಸೈಜು ಹಾಕಿಸಿ, ನೋಡೋಕೆ ಚೆನ್ನಾಗಿರುತ್ತೆ ಅಂತ ಗೆಳೆಯರು ಹೇಳ್ತಾರೆ. ಇನ್ನೊಬ್ಬ ಸೀದಾ 235ಕ್ಕೆ ಹೋಗು ಅಂತಾನೆ. ಹಿಂದಿನ ಸೀಟಿನಲ್ಲಿ ಅಮ್ಮ ಕೂರುತ್ತಾರೆ, ಅವರಿಗೆ ಈಗಿರುವ ಕುಲುಕಾಟವೇ ಜಾಸ್ತಿ. ಅನುಭವ ಇರೋರು ಹೇಳಿ.

ಕೆಂಗೇರಿ_ಕೆಂಚ
ಏಟಿ ಹಾಕ್ಸಿ ಗುರು. ಮುಗೀತು.

ಲೆಕ್ಕದ_ಮೇಷ್ಟ್ರು
ಮುಗಿಯಲಿಲ್ಲ. ಮೊದಲು ಎರಡಾ ನಾಲ್ಕಾ ಅನ್ನೋದು ತೀರ್ಮಾನ ಆಗಲಿ.

ಜಿಮ್ನಿಯಲ್ಲಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಮಧ್ಯೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಇಲ್ಲ. 2ಎಚ್‌ನಲ್ಲಿ ಹಿಂದಿನ ಚಕ್ರ ಮಾತ್ರ ತಳ್ಳುತ್ತವೆ, ಹಾಗಾಗಿಯೇ ನಿಮ್ಮ ಹಿಂದಿನ ಟೈರ್ ಬೇಗ ಸವೆದಿರುವುದು. 4ಎಚ್ ಅಥವಾ 4ಎಲ್‌ಗೆ ಹಾಕಿದ ಕೂಡಲೇ ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ಒಂದೇ ಲೆಕ್ಕದಲ್ಲಿ ತಿರುಗಬೇಕು. ಈಗ ಹಿಂದೆ ಹೊಸ ಟೈರ್, ಮುಂದೆ ಹಳೇ ಟೈರ್ ಇದೆ ಅಂದುಕೊಳ್ಳಿ. ಹೊಸದರ ಬಟನ್ (ನೆಲ ಮುಟ್ಟುವ ರಬ್ಬರ್ ಉಬ್ಬು) ಆಳ 8 ಮಿ.ಮೀ., ಹಳೆಯದರದ್ದು 3 ಮಿ.ಮೀ. ಆದರೆ ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸ ಬಂತು. ನಿಮ್ಮ ಸೈಜಿನ ಟೈರ್ ಒಟ್ಟು ವ್ಯಾಸ 693 ಮಿ.ಮೀ. ಅಂದರೆ ಹತ್ತಿರ ಹತ್ತಿರ ಒಂದೂವರೆ ಶೇಕಡಾ. ಕೆಸರಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಗಟ್ಟಿ ನೆಲದಲ್ಲಿ ಜಾರೋಕೆ ಆಗಲ್ಲ. ಎಳೆದಾಟವೆಲ್ಲ ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಬೀಳುತ್ತದೆ.

ನಾಲ್ಕೂ ಒಟ್ಟಿಗೆ ಬದಲಾಯಿಸಿ. ಹಿಂದೆ ಏಟಿ, ಮುಂದೆ ಎಚ್‌ಟಿ ಅನ್ನೋ ಬೆರಕೆಯಂತೂ ಬೇಡವೇ ಬೇಡ. ಒದ್ದೆ ರಸ್ತೆಯಲ್ಲಿ ಮುಂದಿನದು ಹಿಡಿಯುವುದೇ ಒಂದು ರೀತಿ, ಹಿಂದಿನದು ಹಿಡಿಯುವುದೇ ಇನ್ನೊಂದು ರೀತಿ ಆಗುತ್ತದೆ.

ವಿಜಯನಗರ_ವಿನು
ಮೇಷ್ಟ್ರೇ, ನಾನು ಎರಡೇ ಹಾಕಿಸಿದ್ದು. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಲೆಕ್ಕದ_ಮೇಷ್ಟ್ರು
4ಎಚ್ ಎಷ್ಟು ಸಲ ಹಾಕಿದ್ದೀರಿ ವಿನು?

ವಿಜಯನಗರ_ವಿನು
ಡೆಲಿವರಿ ದಿನ ಶೋರೂಮ್ ಹುಡುಗ ಹಾಕಿ ತೋರಿಸಿದ್ದ.

ಕೆಂಗೇರಿ_ಕೆಂಚ
😂😂 ಬೆಂಗಳೂರು ಜಿಮ್ನಿ ಓನರ್!

ಗಾಳಿ_ಅಂಗಡಿ
ನಾನು ಟೈರ್ ಅಂಗಡಿಯಲ್ಲೇ ಕೆಲಸ ಮಾಡೋದು, ಯಾವ ಅಂಗಡಿ ಅಂತ ಹೇಳಲ್ಲ. ಮೇಷ್ಟ್ರು ಹೇಳಿದ್ದು ಸರಿ. ಆದರೆ ನಾಲ್ಕಲ್ಲ, ಐದು. ಸ್ಟೆಪ್ನಿ ಮರೀಬೇಡಿ. ಜಿಮ್ನಿಯಲ್ಲಿ ಅದು ಹಿಂಬಾಗಿಲ ಮೇಲೆ ಬಿಸಿಲಲ್ಲೇ ನೇತಾಡ್ತಾ ಇರುತ್ತದೆ. ಎಷ್ಟೋ ಜನ ನಮ್ಮಲ್ಲಿಗೆ ಬಂದು "ಸ್ಟೆಪ್ನಿ ಹೊಸದೇ ಇದೆ, ಒಂದು ದಿನಾನೂ ಓಡಿಸಿಲ್ಲ" ಅಂತಾರೆ. ಕವರ್ ತೆಗೆದು ಬಟನ್ ಸಂದಿಯನ್ನು ಬೆರಳಲ್ಲಿ ಅಗಲಿಸಿ ನೋಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಸುತ್ತಲೂ ಕಾಣುತ್ತದೆ. ರಬ್ಬರಿಗೆ ಓಡಿದ್ದು ಒಂದು ಲೆಕ್ಕ, ವಯಸ್ಸು ಇನ್ನೊಂದು ಲೆಕ್ಕ.

ಕೊಳ್ಳುವಾಗ ಪಕ್ಕದಲ್ಲಿ ಉದ್ದುದ್ದ ಕೋಡ್ ಇರುತ್ತದಲ್ಲ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 1825 ಅಂತಿದ್ದರೆ 2025ರ 18ನೇ ವಾರ ತಯಾರಾದದ್ದು. ಕೆಲವು ಟೈರ್‌ನಲ್ಲಿ ಈ ನಾಲ್ಕು ಅಂಕಿ ಒಂದೇ ಬದಿಗೆ ಇರುತ್ತದೆ, ಫಿಟ್ ಮಾಡೋ ಮುಂಚೆಯೇ ಎರಡೂ ಬದಿ ತಿರುಗಿಸಿ ನೋಡಿ. ಐದರದ್ದೂ ಹತ್ತಿರ ಹತ್ತಿರದ ತಾರೀಕು ಇರಲಿ. ಜಿಮ್ನಿ ಸೈಜು ದಿನಾ ಹೋಗುವ ಮಾಲಲ್ಲ, ಹಾಗಾಗಿ ಗೋಡೌನ್‌ನಲ್ಲಿ ಹಳೇ ಸ್ಟಾಕ್ ಉಳಿದಿರುತ್ತದೆ. ಡಿಸ್ಕೌಂಟ್ ಜಾಸ್ತಿ ಕೊಟ್ಟರೆ ಮೊದಲು ತಾರೀಕು ಕೇಳಿ.

ಜೆಪಿನಗರ_ಜಿಮ್ನಿ
ಐದಾ! ಎರಡು ಅಂತ ಶುರು ಮಾಡಿದ್ದೆ ನಾನು.

ಬಸವನಗುಡಿ_ಬಾಬು
ಈ ವೇದಿಕೆಗೆ ಬಂದೋರ ಜೇಬು ಹೀಗೇ ಖಾಲಿ ಆಗೋದು ಸಾರ್. ನಾನು ವೈಪರ್ ಕೇಳೋಕೆ ಬಂದು ಸಸ್ಪೆನ್ಷನ್ ಬದಲಾಯಿಸಿದ್ದೆ.

ಮಡ್ಡು_ಮಂಜ
ಅಣ್ಣಾ, ಮಾಡೋದಾದ್ರೆ ಸರಿಯಾಗಿ ಮಾಡು. 235/75 ಆರ್15 ಎಂಟಿ, ಅಂದ್ರೆ ಕೆಸರಿನ ಟೈರ್ ಹಾಕಿಸು, ಗಾಡೀನ ಎರಡು ಇಂಚು ಎತ್ತಿಸು. ಆ ಏರನ್ನು 2ಎಚ್‌ನಲ್ಲೇ ಹತ್ತುತ್ತೀಯ. ಕಂಪನಿ ಟೈರ್‌ನಲ್ಲಿ ಜಿಮ್ನಿ ನೋಡಿದ್ರೆ ಪಾಪ ಅನ್ಸುತ್ತೆ. ನಿನ್ನ ಭಾವಮೈದ ಆಮೇಲೆ ಬಾಯಿ ಬಿಡಲ್ಲ.

ಘಾಟಿ_ಗೌರಿ
ಮಂಜ ಅವರೇ, ತಿಂಗಳಲ್ಲಿ ಇಪ್ಪತ್ತು ದಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಲ್ಲುವ ಗಾಡಿಗೆ ಎಂಟಿ ಯಾಕೆ?

ನಾನು ಮಂಗಳೂರು ಕಡೆಯವಳು, ಶಿರಾಡಿಯಲ್ಲಿ ಎಲ್ಲ ಕಾಲದಲ್ಲೂ ಓಡಿಸಿದ್ದೇನೆ. ಎಂಟಿ ಟೈರ್‌ನ ಬಟನ್ ದೊಡ್ಡದು, ಮಧ್ಯದ ಸಂದಿ ಅಗಲ. ಕೆಸರು ಎಸೆಯೋಕೆ ಅದು ಬೇಕು. ಆದರೆ ಒದ್ದೆ ಡಾಂಬರಿನ ಮೇಲೆ ರಬ್ಬರ್ ನೆಲಕ್ಕೆ ತಾಗುವುದೇ ಕಮ್ಮಿ. ನೀರು ಹೀರಿ ಹೊರಗೆ ಹಾಕುವ ಸಣ್ಣ ಸಣ್ಣ ಸೀಳುಗಳೂ ಕಮ್ಮಿ. ಘಾಟಿ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬಂದಾಗ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಬೇಕಾ, ಫೋಟೋದಲ್ಲಿ ಚೆನ್ನಾಗಿ ಕಾಣಬೇಕಾ? ಇವರ ಕೆಸರು ಒಂದು ಏರಿನಷ್ಟು. ಒದ್ದೆ ಡಾಂಬರು ಬೆಂಗಳೂರಿನಿಂದ ಸಕಲೇಶಪುರದವರೆಗೂ ಇದೆ.

ಮಡ್ಡು_ಮಂಜ
ಮೇಡಂ ನಿಧಾನ ಓಡಿಸಿದ್ರೆ ಎಲ್ಲಾ ಟೈರೂ ನಿಲ್ಲುತ್ತೆ.

ಘಾಟಿ_ಗೌರಿ
ನಿಧಾನ ಓಡಿಸೋದಾದ್ರೆ ಎಚ್‌ಟಿಯಲ್ಲೂ ಕೆಸರು ಹತ್ತುತ್ತದೆ ಮಾರಾಯ್ರೆ.

ಲೆಕ್ಕದ_ಮೇಷ್ಟ್ರು
ಸೈಜಿನ ಲೆಕ್ಕ ಹಾಕಿಬಿಡೋಣ. ಬೇಕಾದ್ರೆ ನೀವೇ ಕ್ಯಾಲ್ಕುಲೇಟರ್ ಹಿಡಿದು ನೋಡಿ.

195/80 ಆರ್15 ಅಂದರೆ ಟೈರ್ ಅಗಲ 195 ಮಿ.ಮೀ., ಪಕ್ಕದ ಎತ್ತರ ಆ ಅಗಲದ 80 ಶೇಕಡಾ, ಅಂದರೆ 156. ಮೇಲೆ ಕೆಳಗೆ ಎರಡು ಸಲ ಕೂಡಿಸಿ, 15 ಇಂಚಿನ ರಿಮ್ಮಿಗೆ 381 ಸೇರಿಸಿ. ಒಟ್ಟು 693. ಇದೇ ಲೆಕ್ಕದಲ್ಲಿ 215/75 ಆರ್15ಕ್ಕೆ 703.5, ಅಂದರೆ ಒಂದೂವರೆ ಶೇಕಡಾ ದೊಡ್ಡದು. ಸ್ಪೀಡೋಮೀಟರ್ 100 ತೋರಿಸಿದಾಗ ಗಾಡಿ ಮುಂಚೆಗಿಂತ ಒಂದೂವರೆ ಕಿಲೋಮೀಟರ್ ಜೋರಾಗಿ ಹೋಗುತ್ತಿರುತ್ತದೆ, ಅಷ್ಟೇ. ಮೀಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುವುದರಿಂದ ಇದು ದೊಡ್ಡ ತಲೆನೋವಲ್ಲ.

235/75 ಆರ್15ಕ್ಕೆ 733.5. ಹತ್ತಿರ ಹತ್ತಿರ 6 ಶೇಕಡಾ. ಮೈಸೂರು ಹೆದ್ದಾರಿ ಕ್ಯಾಮೆರಾ ಮುಂದೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಎಲ್ಲ ಗೇರೂ 6 ಶೇಕಡಾ ಉದ್ದ ಆದ ಹಾಗೆ. 1.5 ಲೀಟರ್ ಇಂಜಿನ್, 134 ನ್ಯೂಟನ್ ಮೀಟರ್ ಟಾರ್ಕ್. ಈಗಲೇ ಐದನೇ ಗೇರಲ್ಲಿ ಏರು ಬಂದರೆ ನಾಲ್ಕಕ್ಕೆ ಇಳಿಸ್ತೀರಿ. ಮೇಲಿಂದ ಆ ಟೈರ್ ಭಾರ ಬೇರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದೆ, ಅದಕ್ಕೇ ಮಂಜ ಎತ್ತಿಸು ಅಂತಿರೋದು. ಎತ್ತಿಸಿದರೆ ಅಮ್ಮ ಹತ್ತೋಕೆ ಒಂದು ಸ್ಟೂಲು ಬೇಕು.

ಬಸವನಗುಡಿ_ಬಾಬು
ಅಮ್ಮನಿಗೆ ಸ್ಟೂಲು, ಭಾವಮೈದನಿಗೆ ಎಂಟಿ 😀

ಕೋರ್ಟು_ಕಚೇರಿ
ಒಂದು ಮಾತು ಸೇರಿಸ್ತೀನಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಸೈಜು ಸ್ವಲ್ಪ ಹೆಚ್ಚಾದರೆ ರಸ್ತೆಯಲ್ಲಿ ಯಾರೂ ಟೇಪ್ ಹಿಡಿದು ಅಳೆಯಲ್ಲ ಅನ್ನೋದು ನಿಜ. ಆದರೆ ಅಪಘಾತ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದಾಗ ಅಳೆಯುತ್ತಾನೆ. ಸಸ್ಪೆನ್ಷನ್ ಎತ್ತಿಸಿ, ದೊಡ್ಡ ಟೈರ್ ಹಾಕಿಸಿ, ವಿಮೆ ಕಂಪನಿಗೆ ಹೇಳದೆ ಇದ್ದರೆ ಕ್ಲೇಮ್ ಜಗಳ ಖಾತ್ರಿ. ಅದೇ ಸೈಜಿನಲ್ಲಿ ಎಚ್‌ಟಿ ಬದಲು ಏಟಿ ಹಾಕಿದರೆ ಇಂಥ ತಂಟೆ ಇಲ್ಲ.

ಮಡ್ಡು_ಮಂಜ
ರಸ್ತೆ ಗುಂಡಿ ಮುಚ್ಚೋಕೆ ಸೆಕ್ಷನ್ ಇಲ್ಲ, ಟೈರ್‌ಗೆ ಇದೆ.

ಕೋರ್ಟು_ಕಚೇರಿ
ಅದು ಬೇರೆ ಕೇಸು ಸ್ವಾಮಿ.

ಹಳೇ_ಜಿಪ್ಸಿ
ಮಕ್ಕಳಾ, ಸ್ವಲ್ಪ ಹಳೇ ಕಥೆ ಕೇಳಿ. ಮಾರುತಿ ಜಿಪ್ಸಿ ಬಂದದ್ದು 1985ರಲ್ಲಿ, ನಿಂತದ್ದು 2019ರಲ್ಲಿ. ಹಳೇ ಜಿಪ್ಸಿಗಳಿಗೆ ಎಫ್78-15 ಅಂತ ನೈಲಾನ್ ಟೈರ್ ಬರುತ್ತಿತ್ತು. ಸಪೂರ, ಎತ್ತರ. ಮುಂದೆ ಹಿಂದೆ ಎರಡೂ ಕಡೆ ಪಟ್ಟಿ ಸ್ಪ್ರಿಂಗು. ಗಾಡಿ ಕುಣಿಯುತ್ತಿತ್ತು, ಆದರೆ ಕೆಸರಲ್ಲಿ ಆ ಸಪೂರ ಟೈರ್ ಮೇಲಿನ ಸಡಿಲ ಮಣ್ಣನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಗಾಡಿ ಹಗುರ ಬೇರೆ. ಈಗಿನವರು ಅಗಲ ಇದ್ದಷ್ಟೂ ಒಳ್ಳೇದು ಅಂದುಕೊಂಡಿದ್ದಾರೆ. ಮರಳಿಗೆ ಅಗಲ ಸರಿ. ಅಡಿಯಲ್ಲಿ ಗಟ್ಟಿ ನೆಲ ಇರುವ ಮಲೆನಾಡಿನ ಕೆಸರಿಗೆ 195 ಅಗಲವೇ ಒಳ್ಳೇದು. ಜಿಮ್ನಿಗೂ ಖಾಲಿ ತೂಕ 1200 ಕಿಲೋ ಆಸುಪಾಸು ಅಷ್ಟೇ.

ಸುಜುಕಿಯವರು ಏನೂ ತಿಳಿಯದೆ ಆ ಸೈಜು ಕೊಟ್ಟಿಲ್ಲ.

ಕಾಫಿ_ಕಣ
ಹಳೇ ಜಿಪ್ಸಿ ಅಣ್ಣನ ಮಾತಿಗೆ ನನ್ನದೂ ಒಂದು ಓಟು. ನಮ್ಮದೂ ತೋಟ, ಮೂಡಿಗೆರೆ ಕಡೆ.

ನಿಮ್ಮ ಸಮಸ್ಯೆ ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತು. ಎಚ್‌ಟಿ ಟೈರ್‌ನ ಸಂದಿ ಸಣ್ಣದು. ನಮ್ಮ ಅಂಟು ಮಣ್ಣು ಎರಡು ಸುತ್ತಿನಲ್ಲೇ ಅದನ್ನು ಪೂರ್ತಿ ತುಂಬುತ್ತದೆ. ಆಮೇಲೆ ನಿಮ್ಮ ಟೈರು ಎಣ್ಣೆ ಸವರಿದ ದೋಸೆ ಹೆಂಚು. 4ಎಲ್ ಅಲ್ಲ, ಏನೇ ಹಾಕಿದರೂ ತಿರುಗುತ್ತದೆ, ಹಿಡಿಯಲ್ಲ. ಏಟಿಯಲ್ಲಿ ಅಂಚಿನ ಬಟನ್‌ಗಳ ಮಧ್ಯೆ ಜಾಗ ಇರುತ್ತದೆ, ಚಕ್ರ ಸ್ವಲ್ಪ ತಿರುಗಿದರೆ ಮಣ್ಣು ಬಿಸಾಕುತ್ತದೆ. ಪೂರ್ತಿ ಅಲ್ಲ, ಆದರೆ ಆ ಏರಿಗೆ ಸಾಕು.

ಇನ್ನು ಗಾಳಿ. ಮಣ್ಣು ರಸ್ತೆ ಶುರುವಾಗೋ ಕಡೆ ನಿಲ್ಲಿಸಿ ಗಾಳಿ ಇಳಿಸಿ. ಒತ್ತಡ 18ರಿಂದ 20 ಪಿಎಸ್‌ಐಗೆ ತನ್ನಿ. ಟೈರ್ ಸ್ವಲ್ಪ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ವಾಪಸ್ ಡಾಂಬರಿಗೆ ಬಂದಾಗ ತುಂಬಿಸಿ. ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಸಾಕು. ಇಳಿಸಿದ ಗಾಳಿಯಲ್ಲೇ ಹಾಸನದವರೆಗೆ ಜೋರಾಗಿ ಓಡಿಸಿದರೆ ಟೈರ್ ಬಿಸಿಯಾಗಿ ಹಾಳಾಗುತ್ತದೆ, ಅದು ಮಾಡಬೇಡಿ.

ಕೊನೆಗೆ, ಮಾವನವರ ಜೀಪು ಹೇಗೆ ಬಂತು ಅಂತ ನೋಡಿದ್ರಾ? ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿರುತ್ತಾರೆ. ಮಲೆನಾಡಿನಲ್ಲಿ ಮಳೆಗಾಲ ಬಂತು ಅಂದ್ರೆ ಜೀಪಿಗೆ ಚೈನ್.

ಜೆಪಿನಗರ_ಜಿಮ್ನಿ
ಹೌದು! ಚೈನ್ ಇತ್ತು! ಭಾವಮೈದ ಈ ವಿಷಯ ಹೇಳೇ ಇಲ್ಲ ನೋಡಿ.

ಕಾಫಿ_ಕಣ
ಹೇಳಲ್ಲ. ನಾವು ಯಾರೂ ಬೆಂಗಳೂರಿನೋರಿಗೆ ಹೇಳಲ್ಲ 😄

ಕೆಂಗೇರಿ_ಕೆಂಚ
ಹಂಗಾದ್ರೆ ಇರೋ ಎಚ್‌ಟಿಗೇ ಚೈನ್ ಕಟ್ಟಿದ್ರೆ ಆಯ್ತಲ್ಲ, ಐದು ಟೈರ್ ಯಾಕೆ?

ಕಾಫಿ_ಕಣ
ಕಟ್ಟಬಹುದು. ನಿಜವಾಗಿ ಹೇಳಬೇಕೆಂದರೆ ಜಡಿಮಳೆಯಲ್ಲಿ ಚೈನ್ ಹಾಕಿದ ಎಚ್‌ಟಿ ಮುಂದೆ ಬರೀ ಏಟಿ ಏನೂ ಅಲ್ಲ. ಆದರೆ ಮಳೆಯಲ್ಲಿ ನೆನೆದುಕೊಂಡು ಕೆಸರಲ್ಲಿ ಕೂತು ಕಟ್ಟೋರು ಯಾರು? ಡಾಂಬರು ಬಂದ ತಕ್ಷಣ ಬಿಚ್ಚಬೇಕು ಬೇರೆ. ಜಿಮ್ನಿಯಲ್ಲಿ ಚಕ್ರದ ಒಳಗಡೆ ಬ್ರೇಕ್ ಪೈಪು, ಸೆನ್ಸರ್ ವೈರು ಹತ್ತಿರದಲ್ಲೇ ಇರುತ್ತವೆ. ಸಡಿಲ ಚೈನ್ ಬಡಿದರೆ ಕಥೆ ಮುಗೀತು. ಗೊತ್ತಿರೋರು ಕಟ್ಟಬೇಕು.

ಘಾಟಿ_ಗೌರಿ
ಇನ್ನೊಂದು ವಿಷಯ. ಜಿಮ್ನಿಯಲ್ಲಿ ಎಡ ಬಲದ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲ. ಒಂದು ಚಕ್ರ ಜಾರಿದರೆ ಆ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದು ಕಡೆಗೆ ಶಕ್ತಿ ಕಳಿಸುವ ವ್ಯವಸ್ಥೆ ಇದೆ. ಅದು ಕೆಲಸ ಮಾಡೋಕೆ ಸ್ವಲ್ಪ ಹೊತ್ತು ಬೇಕು. ಚಕ್ರ ತಿರುಗಿತು ಅಂತ ತಕ್ಷಣ ಆಕ್ಸಿಲರೇಟರ್ ಬಿಟ್ಟರೆ ಅದೂ ಬಿಡುತ್ತದೆ. ಕಾಲು ಒಂದೇ ಸಮ ಇಟ್ಟು ಹಿಡಿದುಕೊಳ್ಳಿ, ಟಕ್ ಟಕ್ ಸದ್ದು ಬರುತ್ತದೆ, ಗಾಡಿ ನಿಧಾನಕ್ಕೆ ಹತ್ತುತ್ತದೆ. ಆ ಸದ್ದು ಕೇಳಿ ಏನೋ ಮುರೀತು ಅಂತ ಬಿಡೋರೇ ಜಾಸ್ತಿ.

ಬಸವನಗುಡಿ_ಬಾಬು
ಸಕಲೇಶಪುರದ ಮಾತು ಬಂತಲ್ಲ, ಹೋಗುವಾಗ ತಿಂಡಿ ಎಲ್ಲಿ ಮಾಡ್ತೀರಿ?

ಕೆಂಗೇರಿ_ಕೆಂಚ
ಬಿಡದಿ ತಟ್ಟೆ ಇಡ್ಲಿ.

ಬಸವನಗುಡಿ_ಬಾಬು
ಬಿಡದಿ ಮೈಸೂರು ರಸ್ತೆ ಕಣಯ್ಯಾ. ಇವರು ನೆಲಮಂಗಲ, ಕುಣಿಗಲ್ ಮೇಲೆ ಹೋಗೋದು.

ಕೆಂಗೇರಿ_ಕೆಂಚ
ತಟ್ಟೆ ಇಡ್ಲಿಗೆ ಸುತ್ತಿಕೊಂಡು ಹೋಗಬೇಕು.

ತುಮಕೂರು_ತೇಜು
ತಟ್ಟೆ ಇಡ್ಲಿ ಅಂದ್ರೆ ಕ್ಯಾತ್ಸಂದ್ರ. ಬಿಡದಿ ಅಂದೋರು ಸಾಲಾಗಿ ನಿಂತು ಕ್ಷಮೆ ಕೇಳಿ.

ಹಳೇ_ಜಿಪ್ಸಿ
ಎಡೆಯೂರಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿ ದಾಸೋಹದಲ್ಲಿ ಊಟ ಮಾಡಿ. ಅದೇ ದಾರಿ.

ಮಾಡರೇಟರ್
ಇಡ್ಲಿಗೆ ಬೇರೆ ಎಳೆ ಇದೆ. ಟೈರ್‌ಗೆ ವಾಪಸ್ ಬನ್ನಿ.

ಜೆಪಿನಗರ_ಜಿಮ್ನಿ
ಸರಿ, 235 ಬಿಟ್ಟೆ. ಎಂಟಿ ಬಿಟ್ಟೆ. ಐದು ಒಪ್ಪಿಕೊಂಡೆ. ಈಗ ಉಳಿದಿರುವುದು 195/80ರಲ್ಲೇ ಏಟಿನಾ, 215/75 ಏಟಿನಾ. ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು ಯೋಕೋಹಾಮಾ ಜಿಯೋಲ್ಯಾಂಡರ್ ಏಟಿ ಅಂತಾರೆ, ಇನ್ನೊಬ್ಬರು ಅಪೊಲೊ ಆಪ್ಟೆರಾ ಏಟಿ ಅಂತಾರೆ. ಜೆಕೆ ರೇಂಜರ್, ಸಿಯೆಟ್ ಕ್ರಾಸ್‌ಡ್ರೈವ್ ಹೆಸರೂ ಕೇಳಿಬಂತು. 215/75ರಲ್ಲಿ ಆಯ್ಕೆ ಜಾಸ್ತಿ ಇದೆ, ಅದಕ್ಕೇ ಹಾಕಿಸಿ ಅಂತ ಇಬ್ಬರೂ ಒತ್ತಾಯ ಮಾಡಿದರು. ಒಬ್ಬ ಸಾರಜನಕ ಗಾಳಿ ತುಂಬಿಸಲೇಬೇಕು, ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ಸೆಟ್ ಮಾಡಿಸಲೇಬೇಕು ಅಂತ ಬಿಲ್ಲಿಗೆ ಸೇರಿಸಿದ.

ಗಾಳಿ_ಅಂಗಡಿ
ಕ್ಯಾಂಬರ್! ಜಿಮ್ನಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್, ಒಂದೇ ಗಟ್ಟಿ ಕೊಳವೆ. ಅದರಲ್ಲಿ ಕ್ಯಾಂಬರ್ ತಿರುಗಿಸೋಕೆ ಏನೂ ಇಲ್ಲ ಸಾರ್. ಮುಂದೆ ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು) ಮಾತ್ರ ಸೆಟ್ ಮಾಡಬಹುದು. ಆ ಬಿಲ್ಲು ಕೊಟ್ಟ ಅಂಗಡಿಗೆ ಮತ್ತೆ ಹೋಗಬೇಡಿ.

ಬ್ಯಾಲೆನ್ಸಿಂಗ್‌ಗೆ ಮಾತ್ರ ಕಂಜೂಸ್ ಮಾಡಬೇಡಿ. ಗಟ್ಟಿ ಆಕ್ಸಲ್ ಗಾಡಿಗೆ ಮುಂದಿನ ಚಕ್ರ ಒಂಚೂರು ತೂಕ ತಪ್ಪಿದರೂ ಸ್ಟೇರಿಂಗ್ ಅದುರೋಕೆ ಶುರು. ಫಿಟ್ ಮಾಡೋವಾಗ ಪಕ್ಕದಲ್ಲೇ ನಿಂತು ನೋಡಿ. ಹೊಸ ಟೈರ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರ್‌ನ ಹಗುರವಾದ ಕಡೆ. ಅದನ್ನು ಗಾಳಿ ಹಿಡಿಸುವ ವಾಲ್ವ್ ನೇರಕ್ಕೆ ಕೂರಿಸಿದರೆ ಸೀಸದ ತುಂಡು ಕಮ್ಮಿ ಬೇಕಾಗುತ್ತದೆ. ಗಡಿಬಿಡಿಯಲ್ಲಿ ಹುಡುಗರು ನೋಡಲ್ಲ. ವಾಲ್ವೂ ಹೊಸದು ಹಾಕಿಸಿ, ಹಳೇ ರಬ್ಬರ್ ವಾಲ್ವ್ ಉಳಿಸಿ ಏನೂ ಲಾಭ ಇಲ್ಲ.

ಲೆಕ್ಕದ_ಮೇಷ್ಟ್ರು
ಸಾರಜನಕದ ಬಗ್ಗೆ: ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ಅದೇ ಇದೆ. ಉಳಿದದ್ದಕ್ಕೆ ದುಡ್ಡು ಕೊಡೋದು ಬೇಡ.

ವಿಜಯನಗರ_ವಿನು
ವಿಮಾನಕ್ಕೆ ಅದನ್ನೇ ತುಂಬಿಸೋದು ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು
ನಿಮ್ಮ ಜಿಮ್ನಿ ಮೂವತ್ತು ಸಾವಿರ ಅಡಿ ಮೇಲೆ ಹಾರಿದಾಗ ತುಂಬಿಸಿ ವಿನು. ಅಲ್ಲಿಯವರೆಗೆ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಎಷ್ಟು ಪಿಎಸ್‌ಐ ಇದೆಯೋ ಅಷ್ಟನ್ನು ಟೈರ್ ತಣ್ಣಗಿದ್ದಾಗ ತಿಂಗಳಿಗೆರಡು ಸಲ ನೋಡಿಕೊಂಡರೆ ಸಾಕು. ಪೆಟ್ರೋಲ್ ಬಂಕ್ ಹುಡುಗರು ಎಲ್ಲ ಗಾಡಿಗೂ 35 ಹೊಡೆಯುತ್ತಾರೆ. ಜಿಮ್ನಿ ಹಗುರ ಗಾಡಿ, ಅಷ್ಟು ತುಂಬಿಸಿದರೆ ಅಮ್ಮನ ಕುಲುಕಾಟ ಜಾಸ್ತಿ ಆಗುತ್ತದೆ. ಟೈರ್ ಬದಲಾಯಿಸುವ ಮುಂಚೆ ಈಗ ಎಷ್ಟಿದೆ ಅಂತ ಒಮ್ಮೆ ನೋಡಿ.

ಜೆಪಿನಗರ_ಜಿಮ್ನಿ
ಈಗಷ್ಟೇ ಕೆಳಗೆ ಹೋಗಿ ನೋಡಿಕೊಂಡು ಬಂದೆ. 36, 35, 36, 34.

ಬಸವನಗುಡಿ_ಬಾಬು
ಅಮ್ಮನ ಕಡೆಯಿಂದ ಮೇಷ್ಟ್ರಿಗೆ ಒಂದು ಪ್ಯಾಕೆಟ್ ಕೋಡುಬಳೆ.

ಘಾಟಿ_ಗೌರಿ
ಏಟಿ ತಗೊಳ್ಳುವಾಗ ಇನ್ನೊಂದು ನೋಡಿ. ಕೆಲವು ಏಟಿ ಟೈರ್ ಎಲ್‌ಟಿ ಅಂತ ಬರುತ್ತವೆ, ಲೈಟ್ ಟ್ರಕ್‌ಗೆ ಮಾಡಿದವು. ಪಕ್ಕ ತುಂಬಾ ದಪ್ಪ. ಕಲ್ಲು ತಾಗಿದರೂ ಹರಿಯಲ್ಲ, ಅದು ನಿಜ. ಆದರೆ ಜಿಮ್ನಿ ತೂಕಕ್ಕೆ ಅವು ಬಗ್ಗುವುದೇ ಇಲ್ಲ. ಪ್ರತಿ ಹಂಪ್ ಸೊಂಟಕ್ಕೆ ಗೊತ್ತಾಗುತ್ತದೆ. ಕಂಪನಿ ಟೈರ್ ಮೇಲೆ 96ಎಸ್ ಅಂತ ಬರೆದಿದೆ. 96 ಅಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ, ಎಸ್ ಅಂದರೆ 180 ಕಿಲೋಮೀಟರ್ ವೇಗದವರೆಗೆ. ಜಿಮ್ನಿಗೆ ಇದು ಬೇಕಾದಷ್ಟಾಯಿತು. ಇದಕ್ಕಿಂತ ಕಮ್ಮಿ ಇರೋದು ಬೇಡ, ಜಾಸ್ತಿಯ ಹಿಂದೆ ಹೋಗೋದೂ ಬೇಡ.

ಸೈಜಿನ ಬಗ್ಗೆ ನನ್ನ ಮಾತು: 195/80ರಲ್ಲಿ ಹೊಸ ತಾರೀಕಿನ ಏಟಿ ಸಿಕ್ಕರೆ ಅದೇ ತಗೊಳ್ಳಿ, ಬೇಕಾದರೆ ಒಂದು ವಾರ ಕಾಯಿರಿ. ಅಂಗಡಿಯವನ ಹತ್ತಿರ ಸ್ಟಾಕ್ ಇದೆ ಅನ್ನೋದು ನಿಮ್ಮ ಗಾಡಿಗೆ ಕಾರಣ ಆಗಲ್ಲ.

ನಮ್ಮೂರ_ನವೀನ
215/75 ಹಾಕಿಸಿಕೊಂಡವನು ನಾನು. ಉಜ್ಜಲ್ಲ, ಮೈಲೇಜ್ ಸ್ವಲ್ಪ ಕಮ್ಮಿ ಆಗಿದೆ, ನೋಟ ಚೆನ್ನಾಗಿದೆ. ಎಲ್ಲರೂ ಸೇರಿ ಇದೇನೋ ಪಾಪ ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ. ಐದು ಮಿಲಿಮೀಟರ್ ನೆಲದಿಂದ ಎತ್ತರವೂ ಸಿಗುತ್ತದೆ.

ಲೆಕ್ಕದ_ಮೇಷ್ಟ್ರು
ಪಾಪ ಅಂತ ಯಾರೂ ಅಂದಿಲ್ಲ ನವೀನ. ವ್ಯಾಸ 10.5 ಹೆಚ್ಚಾದರೆ ಎತ್ತರ ಅರ್ಧ, ಐದು ಮಿ.ಮೀ. ಚಿಲ್ಲರೆ. ಲೆಕ್ಕ ಸರಿಯಾಗಿದೆ. ಕಂಪನಿಯೇ 210 ಮಿ.ಮೀ. ಕೊಟ್ಟಿರುವಾಗ ಆ ಐದಕ್ಕೆ ನಾನು ದುಡ್ಡು ಕೊಡಲ್ಲ, ನೀವು ಕೊಟ್ಟಿರಿ. ಅಷ್ಟೇ ವ್ಯತ್ಯಾಸ.

ನಮ್ಮೂರ_ನವೀನ
ನೋಟಕ್ಕೆ ಕೊಟ್ಟಿದ್ದು ಮೇಷ್ಟ್ರೇ. ಒಪ್ಪಿಕೊಂಡರೆ ತಪ್ಪೇನು?

ಕೋರ್ಟು_ಕಚೇರಿ
ದುಡ್ಡಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಕಾರ್ ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಶೇಕಡಾದಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 6000 ರೂಪಾಯಿ ಇರುವ ಟೈರ್ ಮುಂಚೆ 7680 ಆಗುತ್ತಿತ್ತು, ಈಗ 7080. ಐದಕ್ಕೆ 3000 ಉಳಿಯಿತು. ಪಕ್ಕಾ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಗಾಳಿ_ಅಂಗಡಿ
ವಾರಂಟಿ ಅಂದಾಗ ಒಂದು ತಿಳಿದುಕೊಳ್ಳಿ. ತಯಾರಿಕೆಯ ದೋಷಕ್ಕೆ ಮಾತ್ರ ಅದು ಸಿಗೋದು. ಗುಂಡಿಗೆ ಬಿದ್ದು ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರ ಉಬ್ಬಿದರೆ ಸಾಮಾನ್ಯವಾಗಿ ಹೊಡೆತ ಬಿದ್ದದ್ದು ಅಂತ ಬರೆದು ವಾಪಸ್ ಕಳಿಸ್ತಾರೆ. ಉಬ್ಬಿದ ಟೈರ್ ಆಮೇಲೆ ಓಡಿಸಬೇಡಿ, ಒಳಗಿನ ದಾರ ಹರಿದಿರುತ್ತದೆ. ಪಕ್ಕದಲ್ಲಿ ಮೊಳೆ ಹೊಕ್ಕರೂ ಅಷ್ಟೇ, ಪಂಚರ್ ಹಾಕಿ ಕೊಡ್ತೀನಿ ಅಂದರೆ ನಂಬಬೇಡಿ. ಪಂಚರ್ ಏನಿದ್ದರೂ ನೆಲ ಮುಟ್ಟುವ ಭಾಗಕ್ಕೆ.

ಕೆಂಗೇರಿ_ಕೆಂಚ
ಮೊಳೆ ಅಂದ್ರಲ್ಲ, ಈ ಫ್ಲೈಓವರ್ ಕೆಳಗೆ ಮೊಳೆ ಚೆಲ್ಲೋರ ಬಗ್ಗೆ ಒಂದು ಎಳೆ ಶುರು ಮಾಡ್ಬೇಕು. ಟ್ರಾಫಿಕ್ ಪೊಲೀಸರೇ ಬೊಗಸೆಗಟ್ಟಲೆ ಹೆಕ್ಕಿದ ಸುದ್ದಿ ಆಗಾಗ ಬರ್ತಿರುತ್ತೆ.

ಮಾಡರೇಟರ್
ಶುರು ಮಾಡಿ. ಇಲ್ಲಿ ಬೇಡ.

ಮಡ್ಡು_ಮಂಜ
ಕೊನೇ ಸಲ ಹೇಳ್ತೀನಿ. ಎಂಟಿ.

ಜೆಪಿನಗರ_ಜಿಮ್ನಿ
ಎಲ್ಲರಿಗೂ ಥ್ಯಾಂಕ್ಸ್. ಐದೂ ಹಾಕಿಸಿದೆ. ಅದೇ 195/80 ಆರ್15, ಯೋಕೋಹಾಮಾ ಏಟಿ. ಮೊದಲ ಅಂಗಡಿಯಲ್ಲಿ ಎರಡು ವರ್ಷ ಹಳೇ ತಾರೀಕಿನವು ತೋರಿಸಿದರು. ತಾರೀಕು ಓದಿದ ಕೂಡಲೇ "ಸಾರ್ ನಿಮಗೆ ಯಾರು ಹೇಳಿಕೊಟ್ಟಿದ್ದು" ಅಂದ. ಜೆಸಿ ರಸ್ತೆ, ಲಾಲ್‌ಬಾಗ್ ರಸ್ತೆ ಎಲ್ಲ ಸುತ್ತಿ ಕೊನೆಗೆ ಆರ್ಡರ್ ಕೊಟ್ಟು ತರಿಸಿಕೊಂಡೆ. ಹಳದಿ ಚುಕ್ಕೆ ತೋರಿಸಿದಾಗ ಫಿಟ್ ಮಾಡುವ ಹುಡುಗ ನನ್ನ ಮುಖವನ್ನೇ ಒಮ್ಮೆ ನೋಡಿ, ಟೈರ್ ತಿರುಗಿಸಿ ಕೂರಿಸಿದ.

ಡಾಂಬರಿನ ಮೇಲೆ ಸದ್ದು ಅಷ್ಟೇನಿಲ್ಲ. ಕಾಂಕ್ರೀಟ್ ಹಾಕಿದ ರಸ್ತೆಗೆ ಹತ್ತಿದ ತಕ್ಷಣ ಗುಂಯ್ ಅಂತ ಶುರುವಾಗುತ್ತದೆ, 60 ದಾಟಿದರೆ ಚೆನ್ನಾಗಿ ಕೇಳುತ್ತದೆ. ಸ್ಟೇರಿಂಗ್ ಮುಂಚಿಗಿಂತ ಸ್ವಲ್ಪ ನಿಧಾನ ಅನಿಸುತ್ತಿದೆ. ಗಾಳಿ ಸ್ಟಿಕರ್ ಪ್ರಕಾರ ಇಳಿಸಿದ ಮೇಲೆ ಅಮ್ಮ ಏನೂ ಹೇಳಿಲ್ಲ, ಅವರು ಏನೂ ಹೇಳದಿದ್ದರೆ ಪಾಸಾದ ಹಾಗೆ. ತೋಟಕ್ಕೆ ಇನ್ನೂ ಹೋಗಿಲ್ಲ.

ಘಾಟಿ_ಗೌರಿ
ಹೊಸ ಟೈರ್ ಮೇಲೆ ಮೊದಮೊದಲು ಜಾರುವ ಪದರ ಇರುತ್ತದೆ. ಒಂದು ಇನ್ನೂರು ಮುನ್ನೂರು ಕಿಲೋಮೀಟರ್ ಹುಷಾರಾಗಿ ಓಡಿಸಿ, ಮುಖ್ಯವಾಗಿ ಮಳೆ ಬಂದಾಗ.

ಹಳೇ_ಜಿಪ್ಸಿ
ಹಳೇ ಸ್ಟೆಪ್ನಿ ಏನು ಮಾಡಿದೆ ತಮ್ಮಾ? ನಮ್ಮ ಜಿಪ್ಸಿಗೆ ಒಂದು ಬೇಕಿತ್ತು. ರಿಮ್ಮು 15 ಇಂಚೇ.

ಗಾಳಿ_ಅಂಗಡಿ
ಅಣ್ಣಾ, ಬಿರುಕು ನೋಡಿ ತಗೊಳ್ಳಿ. ಮೇಲೆ ಹೇಳಿದ್ದೀನಿ.

ಹಳೇ_ಜಿಪ್ಸಿ
ನನ್ನ ಜಿಪ್ಸಿಯ ಬಿರುಕು ನೋಡಿದ್ದೀಯಾ? ಅದರ ಮುಂದೆ ಇದೇನು.

ಜೆಪಿನಗರ_ಜಿಮ್ನಿ
ಅಂಗಡಿಯಲ್ಲೇ ಬಿಟ್ಟು ಬಂದೆ ಅಣ್ಣಾ, ಎಕ್ಸ್‌ಚೇಂಜ್‌ನಲ್ಲಿ ಹೋಯಿತು. ಗಾಳಿ ಅಂಗಡಿಯವರೇ, ಐದು ಚಕ್ರ ಹೇಗೆ ಅದಲು ಬದಲು ಮಾಡಿಸೋದು? ಅಂಗಡಿಯಲ್ಲಿ ನಾಲ್ಕನ್ನೇ ತಿರುಗಿಸ್ತೀವಿ ಅಂದರು.

ಗಾಳಿ_ಅಂಗಡಿ
ನಾಲ್ಕನ್ನೇ ತಿರುಗಿಸಿದರೆ ಐದನೆಯದು ಮತ್ತೆ ಬಾಗಿಲ ಮೇಲೆ ಒಣಗುತ್ತದೆ. ನಿಮ್ಮ ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇಲ್ಲ ಅಂದರೆ ಹೀಗೆ ಮಾಡಿಸಿ: ಸ್ಟೆಪ್ನಿ ಹಿಂದಿನ ಬಲಕ್ಕೆ, ಹಿಂದಿನ ಬಲದ್ದು ಮುಂದಿನ ಬಲಕ್ಕೆ, ಮುಂದಿನ ಬಲದ್ದು ಹಿಂದಿನ ಎಡಕ್ಕೆ, ಹಿಂದಿನ ಎಡದ್ದು ಮುಂದಿನ ಎಡಕ್ಕೆ, ಮುಂದಿನ ಎಡದ್ದು ಬಾಗಿಲ ಮೇಲಕ್ಕೆ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮಾಡಿಸಿದರೆ ಐದೂ ಒಂದೇ ಸಮ ಸವೆಯುತ್ತವೆ. ನಟ್ಟುಗಳನ್ನು ಗಾಳಿ ಗನ್‌ನಲ್ಲಿ ಬಿಗಿದು ಕಳಿಸಿದ್ದರೆ ಒಂದು ನೂರು ಕಿಲೋಮೀಟರ್ ಓಡಿಸಿದ ಮೇಲೆ ಕೈ ಸ್ಪ್ಯಾನರ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ತೋಟಕ್ಕೆ ಹೊರಡೋ ಮುಂಚೆಯೇ ಮಾಡಿ.

ಮಡ್ಡು_ಮಂಜ
ತೋಟದಲ್ಲಿ ಹೂತುಕೊಂಡರೆ ಫೋನ್ ಮಾಡಣ್ಣ. ಎಂಟಿ ಗಾಡಿ ತಗೊಂಡು ಬರ್ತೀನಿ.

ಕಾಫಿ_ಕಣ
ಬನ್ನಿ ಮಂಜಣ್ಣ. ನಿಮ್ಮನ್ನು ಎಳೆಯೋಕೂ ಒಂದು ಚೈನ್ ಕಟ್ಟಿದ ಜೀಪು ಇಟ್ಟಿರ್ತೀವಿ.